ಗಾರ್ಡ್ ಇಲ್ಲದ ಶಾಫ್ಟ್ ತಿರುಗಕೂಡದು

ಗೋವೆಯ ಗದ್ದೆಗಳಲ್ಲಿ ದುಡಿಯುವ ಕನ್ನಡಿಗ ಟ್ರ್ಯಾಕ್ಟರ್ ಡ್ರೈವರ್‌ಗಳು ಮತ್ತು ಹೆಲ್ಪರ್‌ಗಳ ಹಕ್ಕೊತ್ತಾಯ ಪತ್ರ

ಗೆ,
ಕೃಷಿ ನಿರ್ದೇಶಕರು, ಗೋವಾ ಸರ್ಕಾರ, ಕೃಷಿ ಭವನ, ತೋಂಕ, ಕರಂಜಾಳೆ
ಕಾರ್ಮಿಕ ಆಯುಕ್ತರು, ಗೋವಾ ಸರ್ಕಾರ, ಪಣಜಿ
ಟ್ರ್ಯಾಕ್ಟರ್ ಹಾಗೂ ಬಾಡಿಗೆ ಯಂತ್ರಗಳ ಮಾಲಕರು ಮತ್ತು ಮಾರಾಟಗಾರರು

ಪ್ರತಿ: ಕರ್ನಾಟಕ ಸರ್ಕಾರದ ಕೃಷಿ ಇಲಾಖೆ ಮತ್ತು ಕಾರ್ಮಿಕ ಇಲಾಖೆ

ವಿಷಯ: ಟ್ರ್ಯಾಕ್ಟರಿನ ಪಿಟಿಓ (ಪವರ್ ಟೇಕ್-ಆಫ್) ಶಾಫ್ಟ್ ನಡೆಸುವಾಗ ಮತ್ತು ಬದಲಿಸುವಾಗ ಕೆಲಸಗಾರರ ಸುರಕ್ಷತೆ, ಅದರಿಂದಾಗುವ ಗಾಯ, ಸಾವಿನ ಹೊಣೆ.

ಮಾನ್ಯರೇ,

ನಾವು ಖಾನಾಪುರ, ಬೆಳಗಾವಿ, ಹಳಿಯಾಳ, ಧಾರವಾಡ, ಹಾವೇರಿ, ಗದಗ, ಬಾಗಲಕೋಟೆ ಕಡೆಯವರು. ನಮ್ಮಲ್ಲಿ ಕೆಲವರು ಹಂಗಾಮು ನೋಡಿಕೊಂಡು ಚೋರ್ಲಾ ಘಾಟೋ ಅನಮೋಡ ಘಾಟೋ ಇಳಿದು ಬಂದು, ಕೆಲಸ ಮುಗಿಸಿ ಊರಿಗೆ ಮರಳುತ್ತಾರೆ. ಇನ್ನು ಕೆಲವರು ವಾಸ್ಕೋ, ಮಡಗಾಂವ್, ಮಾಪುಸಾ, ಡಿಚೋಲಿಗಳಲ್ಲೇ ಮನೆ ಮಾಡಿದ್ದಾರೆ. ಅವರ ಮಕ್ಕಳು ಕನ್ನಡಕ್ಕಿಂತ ಚೆನ್ನಾಗಿ ಕೊಂಕಣಿ ಮಾತಾಡುತ್ತಾರೆ. ಸಾಷ್ಟಿಯ ಕುಡ್ತರಿ, ತಿಸವಾಡಿಯ ದಿವಾಡಿ, ಸತ್ತರಿಯ ಗದ್ದೆ, ಕೇಪೆ-ಸಾಂಗೆಯ ಕಬ್ಬಿನ ಹೊಲ, ಹೀಗೆ ಎಲ್ಲಿ ಕರೆದರೆ ಅಲ್ಲಿ ಹೋಗುತ್ತೇವೆ. ಮುಂಗಾರಿನ ಸೊರದ್ ಬೆಳೆಗೆ ಒಮ್ಮೆ, ಚಳಿಗಾಲದ ವಾಯಂಗಣಕ್ಕೆ ಇನ್ನೊಮ್ಮೆ ರೋಟಾವೇಟರ್ ಹೊಡೆಯುವುದು ನಮ್ಮ ಮುಖ್ಯ ಕೆಲಸ. ನಮ್ಮ ಕಡೆ ಅದನ್ನು ರೂಟರ್ ಎನ್ನುತ್ತಾರೆ. ಕೊಯ್ಲಾದ ಮೇಲೆ ರಾಶಿ ಮಷಿನ್, ಹುಲ್ಲಿನ ಪೆಂಡಿ ಕಟ್ಟುವ ಬೇಲರ್, ತೆಂಗು-ಗೇರು ನೆಡಲು ಗುಂಡಿ ತೋಡುವ ಯಂತ್ರ ಇವೂ ಇರುತ್ತವೆ. ಇವೆಲ್ಲಕ್ಕೂ ಶಕ್ತಿ ಹೋಗುವುದು ಟ್ರ್ಯಾಕ್ಟರಿನ ಹಿಂಬದಿಯಿಂದ ಹೊರಡುವ ಒಂದೇ ಕಬ್ಬಿಣದ ಶಾಫ್ಟ್ ಮೂಲಕ, ಅದೇ ಪಿಟಿಓ.

ಆ ಶಾಫ್ಟ್‌ನ ಲೆಕ್ಕ ಗೊತ್ತಿಲ್ಲದವರಿಗಾಗಿ ಒಂದು ಮಾತು. ಪಿಟಿಓ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9 ಸುತ್ತು. ಶಾಫ್ಟ್ ಮೂರು ಇಂಚು ದಪ್ಪವಿದ್ದರೆ ಒಂದು ಸುತ್ತಿಗೆ ಸುಮಾರು 24 ಸೆಂಟಿಮೀಟರ್ ಬಟ್ಟೆ ಒಳಗೆಳೆಯುತ್ತದೆ. ಹಾಗಾದರೆ ಸೆಕೆಂಡಿಗೆ ಎರಡು ಮೀಟರ್ ಮೀರುತ್ತದೆ. ಒಂದು ಲುಂಗಿಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಅಂಚು ಸಿಕ್ಕಿತು ಎಂದು ಗೊತ್ತಾಗುವ ಹೊತ್ತಿಗೆ ಲುಂಗಿ ಮುಗಿದು ಮೈ ಶಾಫ್ಟಿಗೆ ಮುಟ್ಟಿರುತ್ತದೆ. ‘ಕೈ ಹಿಂದಕ್ಕೆ ಎಳ್ಕೋಬೇಕಿತ್ತು’ ಎಂದು ಆಮೇಲೆ ಬುದ್ಧಿ ಹೇಳುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಇದು ಇಂದು ನಿನ್ನೆ ಕಂಡುಕೊಂಡ ಅಪಾಯವೇನಲ್ಲ. ಅಮೆರಿಕದಲ್ಲಿ ಪಿಟಿಓ ಇರುವ ಟ್ರ್ಯಾಕ್ಟರ್ ಮಾರುಕಟ್ಟೆಗೆ ಬಂದದ್ದು 1918ರ ಸುಮಾರಿಗೆ. ಶಾಫ್ಟ್‌ನ ಅಳತೆ, ವೇಗಗಳಿಗೆ ಅಲ್ಲಿ 1927ರಲ್ಲಿ ಮಾನದಂಡ ಬಂತು. ಬ್ರಿಟನ್ನಿನಲ್ಲಿ ಪಿಟಿಓ ಶಾಫ್ಟಿಗೆಂದೇ 1957ರಲ್ಲಿ ಪ್ರತ್ಯೇಕ ನಿಯಮಾವಳಿ ಮಾಡಿದರು. ನಮ್ಮ ದೇಶದಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ 1983ರಲ್ಲಿ ಬಂತು. ಕಾಗದಕ್ಕೆ ಕೊರತೆಯಿಲ್ಲ. ಗದ್ದೆಯ ಬದುವಿನ ಮೇಲೆ ನಿಂತು ನೋಡಿದರೆ ಕಾಣುವುದು ಬೇರೆ: ಟ್ರ್ಯಾಕ್ಟರಿನ ಹಿಂದಿನ ತಗಡಿನ ಟೋಪಿ ಎಂದೋ ಮುರಿದು ಹೋಗಿದೆ, ಶಾಫ್ಟ್ ಮೇಲಿನ ಪ್ಲಾಸ್ಟಿಕ್ ಗಾರ್ಡ್ ಅರ್ಧ ಒಡೆದಿದೆ, ಉಳಿದರ್ಧವನ್ನು ತಂತಿಯಿಂದ ಬಿಗಿದಿದ್ದಾರೆ, ಲಾಕ್ ಪಿನ್ನಿನ ಜಾಗದಲ್ಲಿ ಒಂದು ಉದ್ದದ ಬೋಲ್ಟು, ಅದರ ತುದಿಯಲ್ಲಿ ನಟ್ಟು, ನಟ್ಟಿನಾಚೆ ಇನ್ನೂ ಒಂದಿಂಚು ಥ್ರೆಡ್. ಮಳೆಯಲ್ಲಿ ತೊಟ್ಟ ಪ್ಲಾಸ್ಟಿಕ್ ರೈನ್‌ಕೋಟಿನ ಅಂಚು ಹಿಡಿಯಲು ಅದಕ್ಕಿಂತ ಒಳ್ಳೆಯ ಕೊಕ್ಕೆ ಬೇಕಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇವು.

1. ಗಾರ್ಡ್ ಇಲ್ಲದ ಶಾಫ್ಟ್ ಇರುವ ಯಂತ್ರವನ್ನು ಕೆಟ್ಟ ಯಂತ್ರ ಎಂದೇ ಪರಿಗಣಿಸಬೇಕು. ಬ್ರೇಕ್ ಇಲ್ಲದ ಟ್ರ್ಯಾಕ್ಟರ್ ಓಡಿಸು ಎಂದು ಯಾವ ಮಾಲಕರೂ ಹೇಳುವುದಿಲ್ಲ, ಗಾರ್ಡಿಗೂ ಅದೇ ಮರ್ಯಾದೆ ಸಿಗಬೇಕು. ಗಾರ್ಡ್ ಎಂದರೆ ನಾವು ಕೇಳುವುದು ಮೂರನ್ನೂ: ಟ್ರ್ಯಾಕ್ಟರ್ ಬದಿಯ ಟೋಪಿ, ಶಾಫ್ಟ್ ಉದ್ದಕ್ಕೂ ಬರುವ ಕೊಳವೆ, ಯಂತ್ರದ ಗೇರ್‌ಬಾಕ್ಸ್ ಬದಿಯ ಟೋಪಿ. ಕೊಳವೆಯ ಎರಡೂ ತುದಿಯ ಸರಪಳಿಗಳನ್ನು ಕಟ್ಟಿರಬೇಕು. ಸರಪಳಿ ಕಟ್ಟದಿದ್ದರೆ ಗಾರ್ಡೂ ಶಾಫ್ಟ್ ಜೊತೆಯಲ್ಲೇ ತಿರುಗುತ್ತದೆ. ಆಗ ಅದು ಇದ್ದೂ ಇಲ್ಲದಂತೆ, ಒಂದು ಲೆಕ್ಕದಲ್ಲಿ ಇನ್ನೂ ಕೆಟ್ಟದ್ದು, ಯಾಕೆಂದರೆ ನೋಡಿದವರು ಭದ್ರವಾಗಿದೆ ಎಂದುಕೊಂಡು ಹತ್ತಿರ ಹೋಗುತ್ತಾರೆ. ಪರೀಕ್ಷೆ ಸುಲಭ: ಎಂಜಿನ್ ಬಂದ್ ಇರುವಾಗ ಸರಪಳಿ ಬಿಚ್ಚಿ ಗಾರ್ಡನ್ನು ಕೈಯಿಂದ ತಿರುಗಿಸಿದರೆ ಅದು ಶಾಫ್ಟ್ ಮೇಲೆ ಸಲೀಸಾಗಿ ತಿರುಗಬೇಕು. ಬಿಗಿಯಾಗಿದ್ದರೆ ಒಳಗಿನ ಬೇರಿಂಗ್ ಹೋಗಿದೆ ಎಂದರ್ಥ.

ಗೊಬ್ಬರದ ಚೀಲ ಸುತ್ತಿ ಸುತಳಿ ಕಟ್ಟುವುದು, ಪಿವಿಸಿ ಪೈಪ್ ಸೀಳಿ ತೊಡಿಸುವುದು, ಹಳೆಯ ಟ್ಯೂಬು ಬಿಗಿಯುವುದು ಇವು ಗಾರ್ಡ್ ಅಲ್ಲ. ಚೀಲವೂ ಸುತಳಿಯೂ ಶಾಫ್ಟ್ ಹಿಡಿಯುವ ಮೊದಲ ವಸ್ತುಗಳು. ಮಾಲಕರು ಇದನ್ನು ‘ಜುಗಾಡ್’ ಎಂದು ಹೆಮ್ಮೆಯಿಂದ ತೋರಿಸುವುದನ್ನು ನಿಲ್ಲಿಸಬೇಕು.

2. ಲಾಕ್ ಪಿನ್ ಇರುವಲ್ಲಿ ಪಿನ್ನೇ ಇರಬೇಕು, ಶಿಯರ್ ಬೋಲ್ಟ್ ಇರುವಲ್ಲಿ ಕಂಪನಿ ಹೇಳಿದ ದರ್ಜೆಯ ಶಿಯರ್ ಬೋಲ್ಟೇ ಇರಬೇಕು. ಗದ್ದೆಯಲ್ಲಿ ಕಲ್ಲೋ ಬೇರೋ ತಾಗಿದಾಗ ತುಂಡಾಗಿ ಉಳಿದದ್ದನ್ನು ಕಾಪಾಡುವುದೇ ಶಿಯರ್ ಬೋಲ್ಟಿನ ಕೆಲಸ. ಪದೇ ಪದೇ ತುಂಡಾಗುತ್ತದೆ ಎಂದು ಗಟ್ಟಿ ಉಕ್ಕಿನ ಬೋಲ್ಟು ಹಾಕಿದರೆ ಮುಂದಿನ ಸಲ ತುಂಡಾಗುವುದು ಶಾಫ್ಟಿನ ಕೀಲಿನಲ್ಲಿರುವ ಕ್ರಾಸ್. ಕ್ರಾಸ್ ತುಂಡಾದರೆ ಅರ್ಧ ಶಾಫ್ಟ್ ಟ್ರ್ಯಾಕ್ಟರಿಗೆ ಅಂಟಿಕೊಂಡೇ ತಿರುಗುತ್ತ ಸಿಕ್ಕಿದ್ದನ್ನೆಲ್ಲ ಬಡಿಯುತ್ತದೆ. ಮಾರಾಟಗಾರರು ರೋಟಾವೇಟರ್ ಜೊತೆಗೆ ಹೆಚ್ಚುವರಿ ಶಿಯರ್ ಬೋಲ್ಟು, ಪಿನ್ನು, ಸರಪಳಿ ಇರುವ ಒಂದು ಡಬ್ಬಿ ಕೊಡಬೇಕು. ಮಳೆಗಾಲ ಶುರುವಾಗುವ ಮೊದಲು ಗಾರ್ಡಿನ ಬಿಡಿಭಾಗಗಳನ್ನು ಮಡಗಾಂವ್, ಮಾಪುಸಾ, ಫೋಂಡಾದ ಅಂಗಡಿಗಳಲ್ಲಿ ದಾಸ್ತಾನು ಇಡಬೇಕು. ‘ಬೆಳಗಾವಿಯಿಂದ ತರಿಸಬೇಕು, ಎಂಟು ದಿನ ಆಗ್ತದ’ ಎಂಬ ಉತ್ತರ ಕೇಳಿ ಸಾಕಾಗಿದೆ.

3. ಎಂಜಿನ್ ಬಂದ್ ಮಾಡುವ ಹಕ್ಕು ನಮಗೆ ಬೇಕು. ಹಕ್ಕು ಎಂಬ ಮಾತನ್ನು ಯೋಚಿಸಿಯೇ ಬರೆದಿದ್ದೇವೆ.

ರೋಟಾವೇಟರ್ ಬ್ಲೇಡಿಗೆ ಹುಲ್ಲು, ಹಳೆಯ ಕೂಳೆ, ಪ್ಲಾಸ್ಟಿಕ್ ಸುತ್ತಿಕೊಳ್ಳುವುದು ಉಪ್ಪುನೀರು ಬರುವ ಖಾಜನ್ ಗದ್ದೆಯಲ್ಲಿ ದಿನಾ ಆಗುವ ಮಾತು. ಅದನ್ನು ಬಿಡಿಸಲು ಹೆಲ್ಪರ್ ಇಳಿಯುತ್ತಾನೆ. ಡ್ರೈವರ್ ಮೇಲಿನಿಂದ ಹೇಳುತ್ತಾನೆ: “ಏ ತಮ್ಮಾ, ಬಂದ್ ಮಾಡಿದ್ರ ಮತ್ತ ಸ್ಟಾರ್ಟ್ ಆಗೂದಿಲ್ಲ, ಹಂಗಽ ತಗಿ.” ಆ ಮಾತಿನಲ್ಲಿ ದುರುದ್ದೇಶವಿಲ್ಲ. ಬ್ಯಾಟರಿ ಹೋಗಿದೆ, ಸೆಲ್ಫ್ ಎತ್ತುತ್ತಿಲ್ಲ, ಕೆಸರಿನಲ್ಲಿ ನೂಕಿ ಸ್ಟಾರ್ಟ್ ಮಾಡಲು ಆಗುವುದಿಲ್ಲ. ಹೀಗಾಗಿ ಬೆಳಿಗ್ಗೆ ಹೊತ್ತಿಸಿದ ಎಂಜಿನ್ ಸಂಜೆಯವರೆಗೂ ಉರಿಯುತ್ತಲೇ ಇರುತ್ತದೆ. ಒಂದು ಬ್ಯಾಟರಿಯ ಬೆಲೆಗೆ ಹೆಲ್ಪರ್‌ನ ಕೈ ಅಡವು ಬಿದ್ದಿರುತ್ತದೆ. ಅಪಘಾತದ ವರದಿ ಬರೆಯುವವರು ಅದನ್ನು ‘ಅಜಾಗರೂಕತೆ’ ಎಂದು ಬರೆದು ಮುಗಿಸುತ್ತಾರೆ, ಬ್ಯಾಟರಿಯ ಹೆಸರು ಎಲ್ಲೂ ಬರುವುದಿಲ್ಲ.

ಆದ್ದರಿಂದ: ಬ್ಯಾಟರಿ, ಸೆಲ್ಫ್ ಸ್ಟಾರ್ಟರ್ ಸರಿಯಿಲ್ಲದ ಟ್ರ್ಯಾಕ್ಟರಿಗೆ ಪಿಟಿಓ ಯಂತ್ರ ಜೋಡಿಸಬಾರದು. ಯಾರಾದರೂ ಶಾಫ್ಟ್ ಅಥವಾ ಬ್ಲೇಡಿನ ಹತ್ತಿರ ಹೋಗುವ ಮೊದಲು ಪಿಟಿಓ ಲಿವರ್ ಬಿಡಿಸಿ, ಯಂತ್ರ ನೆಲಕ್ಕೆ ಇಳಿಸಿ, ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ತಿರುಗುವುದು ಪೂರ್ತಿ ನಿಂತ ಮೇಲೆಯೇ ಇಳಿಯಬೇಕು. ಕೀಲಿ ಇಳಿಯುವವನ ಜೇಬಿನಲ್ಲಿರಬೇಕು, ಡ್ರೈವರ್ ಹತ್ತಿರ ಅಲ್ಲ. ಹೀಗೆ ಮಾಡಿದ್ದಕ್ಕೆ ಯಾರ ಕೂಲಿಯನ್ನೂ ಕಡಿಯಬಾರದು, ಯಾರನ್ನೂ ಕೆಲಸದಿಂದ ತೆಗೆಯಬಾರದು.

4. ಶಾಫ್ಟ್ ಬದಲಿಸುವ ಕೆಲಸಕ್ಕೆ ಸಮಯ, ಜಾಗ, ಸಾಧನ ಕೊಡಬೇಕು. ಈಗ ಈ ಕೆಲಸ ನಡೆಯುವುದು ಮಳೆಯಲ್ಲಿ, ಬದುವಿನ ಪಕ್ಕ, ಒಂದು ಸುತ್ತಿಗೆ ಮತ್ತು ಒಂದು ಪಾನದ ಬಲದಿಂದ. ಬೇರೆ ಟ್ರ್ಯಾಕ್ಟರಿನಿಂದ ಬಿಚ್ಚಿದ ಶಾಫ್ಟನ್ನು ತಂದು, ಕೂತರೆ ಸಾಕು ಎಂದು ತೂರಿಸುತ್ತಾರೆ. ಒಂದು ಟ್ರ್ಯಾಕ್ಟರಿಗೆ ಸರಿಯಾದ ಉದ್ದ ಇನ್ನೊಂದಕ್ಕೆ ಸರಿಯಾಗಬೇಕೆಂದಿಲ್ಲ. ಹಿಚ್ ಅಳತೆ ಬೇರೆ, ರೋಟಾವೇಟರ್ ಬೇರೆ, ಉದ್ದವೂ ಬೇರೆ.

ಸರಿಯಾದ ಕ್ರಮ ನಮಗೆ ಗೊತ್ತು, ಮಾಡಲು ಬಿಡಬೇಕು ಅಷ್ಟೇ. ಮಟ್ಟಸ ನೆಲ, ಚಕ್ರಕ್ಕೆ ಅಡೆಕಲ್ಲು, ಯಂತ್ರ ಮರದ ದಿಮ್ಮಿಯ ಮೇಲೆ ಭದ್ರ, ಎಂಜಿನ್ ಬಂದ್. ಹೊಸ ಶಾಫ್ಟಿನ ಎರಡು ತುಂಡುಗಳನ್ನು ಬಿಡಿಸಿ, ಒಂದನ್ನು ಟ್ರ್ಯಾಕ್ಟರಿಗೆ, ಇನ್ನೊಂದನ್ನು ಗೇರ್‌ಬಾಕ್ಸಿಗೆ ಹಾಕಿ, ಪಕ್ಕಪಕ್ಕ ಹಿಡಿದು ಅಳೆಯಬೇಕು. ಯಂತ್ರ ಮೇಲೆ ಕೆಳಗೆ ಆಡುವಾಗ ಎರಡು ತುದಿಗಳ ಅಂತರ ಎಲ್ಲಿ ಅತಿ ಕಡಿಮೆಯೋ ಅಲ್ಲಿಯೂ ಕೊಳವೆಗಳು ಒಂದಕ್ಕೊಂದು ಬಡಿಯದಂತೆ ಒಂದಿಂಚಾದರೂ ಜಾಗ ಉಳಿಯಬೇಕು. ಅತಿ ದೂರ ಇರುವಲ್ಲಿ ಕೊಳವೆಗಳು ಮೂರರಲ್ಲೊಂದು ಭಾಗವಾದರೂ ಒಂದರೊಳಗೊಂದು ಉಳಿದಿರಬೇಕು. ಉದ್ದ ಹೆಚ್ಚಾದರೆ ಟ್ರ್ಯಾಕ್ಟರಿನ ಪಿಟಿಓ ಬೇರಿಂಗೂ ರೋಟಾವೇಟರಿನ ಗೇರ್‌ಬಾಕ್ಸೂ ಒಡೆಯುತ್ತವೆ, ಕಡಿಮೆಯಾದರೆ ಓಡುತ್ತಿರುವಾಗಲೇ ಶಾಫ್ಟ್ ಕಳಚಿ ಬೀಳುತ್ತದೆ. ಎರಡನೆಯದನ್ನು ಕಂಡವರು ನಮ್ಮಲ್ಲಿದ್ದಾರೆ.

ಕತ್ತರಿಸಬೇಕಾದರೆ ಒಳಕೊಳವೆ, ಹೊರಕೊಳವೆ, ಎರಡೂ ಗಾರ್ಡ್ ಕೊಳವೆ ನಾಲ್ಕನ್ನೂ ಒಂದೇ ಅಳತೆಗೆ ಕತ್ತರಿಸಿ, ಅಂಚು ಅರದಿಂದ ಉಜ್ಜಿ, ಚೂರು ಒರೆಸಿ, ಗ್ರೀಸ್ ಹಚ್ಚಿ ಸೇರಿಸಬೇಕು. ಗಾರ್ಡ್ ಉದ್ದವಾಯಿತು ಎಂದು ಅದನ್ನೇ ಎಸೆದುಬಿಡುವುದು ಈಗಿನ ರೂಢಿ. ಅರ್ಧ ಗದ್ದೆಗಳಲ್ಲಿ ಗಾರ್ಡ್ ಕಾಣದಿರುವುದಕ್ಕೆ ಈ ಒಂದು ರೂಢಿಯೇ ಸಾಕು. ಸೇರಿಸುವಾಗ ಶಾಫ್ಟ್‌ನ ಮಧ್ಯಭಾಗದ, ಕ್ರಾಸ್ ಹಿಡಿಯುವ ಎರಡು ಯೋಕ್‌ಗಳು ಒಂದೇ ಸಾಲಿನಲ್ಲಿರಬೇಕು. ಒಂದು ಹಲ್ಲು ತಪ್ಪಿ ಕೂಡಿಸಿದರೂ ಶಾಫ್ಟ್ ನಡುಗುತ್ತದೆ, ಕ್ರಾಸ್ ಬೇಗ ಸವೆಯುತ್ತದೆ. ಚೌಕದ ಕೊಳವೆಯಾದರೆ ತೊಂಬತ್ತು ಡಿಗ್ರಿ ತಪ್ಪಿ ಕೂರುವುದು ಬಲು ಸುಲಭ. ಲಾಕ್ ಪಿನ್ ‘ಟಕ್’ ಎಂದು ಕೂತ ಮೇಲೆ ಶಾಫ್ಟನ್ನು ಹಿಂದಕ್ಕೆ ಜಗ್ಗಿ ನೋಡಬೇಕು. ಕಡೆಗೆ ಸರಪಳಿ ಕಟ್ಟಿ, ಎಲ್ಲರೂ ದೂರ ಸರಿದ ಮೇಲೆ ಕಡಿಮೆ ವೇಗದಲ್ಲಿ ಓಡಿಸಿ, ಮತ್ತೆ ನಿಲ್ಲಿಸಿ, ಕ್ರಾಸ್ ಬಿಸಿಯಾಗಿದೆಯೇ ಎಂದು ನೋಡಬೇಕು.

ಇಷ್ಟಕ್ಕೆ ಅರ್ಧ ದಿನ ಹಿಡಿಯಬಹುದು. ಆ ಅರ್ಧ ದಿನದ ಕೂಲಿ ಪೂರ್ತಿ ಸಿಗಬೇಕು. ಪ್ರತಿ ತಾಲೂಕಿನ ವಲಯ ಕೃಷಿ ಕಚೇರಿಯ ಬಳಿ ಗಟ್ಟಿ ನೆಲದ ಒಂದು ಶೆಡ್ಡು, ಅಳತೆ ಪಟ್ಟಿ, ಹ್ಯಾಕ್ಸಾ, ಅರ, ಗ್ರೀಸ್ ಗನ್ನು, ಬೋಲ್ಟಿನ ಡಬ್ಬಿ ಇರುವ ವ್ಯವಸ್ಥೆಯಾದರೆ ನಮ್ಮ ಅರ್ಧ ಕಷ್ಟ ಅಲ್ಲಿಯೇ ತೀರುತ್ತದೆ.

5. ಬಾಡಿಗೆ ಗಂಟೆ ಲೆಕ್ಕದಲ್ಲಿದೆ. ಹಾಗಾಗಿ ಗ್ರೀಸ್ ಹಚ್ಚುವ ಹತ್ತು ನಿಮಿಷವೂ ‘ಸುಮ್ಮನೆ ನಿಂತ’ ಹತ್ತು ನಿಮಿಷವಾಗಿ ಕಾಣುತ್ತದೆ. ಖಾಜನ್ ಗದ್ದೆಯ ನೀರು ಉಪ್ಪು. ಕೆಸರು ಒಣಗಿದರೆ ಶಾಫ್ಟಿನ ಕೊಳವೆಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿದ ಶಾಫ್ಟ್ ಉದ್ದ ಗಿಡ್ಡ ಆಗುವುದಿಲ್ಲ, ಯಂತ್ರ ಎತ್ತಿದಾಗ ನೇರ ಗೇರ್‌ಬಾಕ್ಸಿಗೆ ಒತ್ತುತ್ತದೆ. ಎಂಟು ಗಂಟೆ ಕೆಲಸಕ್ಕೊಮ್ಮೆ ಕ್ರಾಸ್‌ಗೂ ಕೊಳವೆಗೂ ಗ್ರೀಸ್ ಎನ್ನುವುದು ಒಣ ಹೊಲದ ಲೆಕ್ಕ. ಇಲ್ಲಿ ದಿನದ ಕೊನೆಗೆ ಸಿಹಿನೀರಿನಿಂದ ತೊಳೆದು ಮತ್ತೊಮ್ಮೆ ಹಚ್ಚಲೇಬೇಕು. ತೊಳೆಯುವ, ಗ್ರೀಸ್ ಹಚ್ಚುವ ಸಮಯ ಕೆಲಸದ ಸಮಯವೇ ಎಂದು ಬಾಡಿಗೆ ಚೀಟಿಯಲ್ಲಿ ಬರೆದಿರಬೇಕು.

6. ಗೋವೆಯ ಗದ್ದೆಗಳು ಚಿಕ್ಕವು. ನಾಲ್ಕು ಹೆಜ್ಜೆಗೊಂದು ಬದು, ಬದುವಿಗೊಂದು ತಿರುವು. ಪ್ರತಿ ತಿರುವಿನಲ್ಲೂ ರೋಟಾವೇಟರ್ ಎತ್ತಬೇಕು. ಪಿಟಿಓ ತಿರುಗುತ್ತಿರುವಾಗಲೇ ಪೂರ್ತಿ ಮೇಲೆತ್ತಿದರೆ ಶಾಫ್ಟ್ ಕೋನ ಮೀರಿ ಕ್ರಾಸ್ ಕಟಕಟ ಎನ್ನುತ್ತದೆ. ತಿರುವಿನಲ್ಲಿ ಪಿಟಿಓ ಬಿಡಿಸುವುದು ನಿಯಮವಾಗಬೇಕು. ಹೊತ್ತು ಹೆಚ್ಚಾಯಿತು ಎಂದು ರೈತಬಂಧುಗಳು ನಮ್ಮ ಮೇಲೆ ರೇಗಬಾರದು.

7. ಮಳೆಗಾಲಕ್ಕೆ ಮೈಗೆ ಹತ್ತಿರ ಕೂರುವ, ಮುಂಗೈಯಲ್ಲಿ ಎಲಾಸ್ಟಿಕ್ ಇರುವ, ದಾರ ತೂಗಾಡದ ಜಾಕೆಟ್ ಮತ್ತು ಪ್ಯಾಂಟು, ಗಮ್‌ಬೂಟು ಮಾಲಕರ ಖರ್ಚಿನಲ್ಲಿ ಕೊಡಬೇಕು. ಗೋವೆಯಲ್ಲಿ ಮುಂಗಾರಿನ ಉಳುಮೆ ನಡೆಯುವುದೇ ಧೋ ಎಂದು ಸುರಿಯುವ ಮಳೆಯಲ್ಲಿ. ಹೆಗಲ ಮೇಲೊಂದು ಪ್ಲಾಸ್ಟಿಕ್ ಹಾಳೆ, ಸೊಂಟಕ್ಕೆ ಲುಂಗಿ, ಕೊರಳಿಗೆ ಟವೆಲ್ಲು, ನಮಗೆ ಇರುವುದು ಅಷ್ಟೇ. ಅಪಘಾತವಾದಾಗ ಮೊದಲು ಕೇಳಿಬರುವ ಮಾತೇ ‘ಸಡಿಲು ಬಟ್ಟೆ ಹಾಕ್ಕೊಂಡಿದ್ದ’ ಎಂಬುದು. ಬೇರೆ ಬಟ್ಟೆ ಕೊಟ್ಟು ಆಮೇಲೆ ಆ ಮಾತಾಡಲಿ. ರಾಶಿ ಮಷಿನ್ ಹತ್ತಿರ ಸೀರೆಯುಟ್ಟು ಹೊರೆ ಕೊಡುವ ಹೆಂಗಸರಿಗೂ ಮೇಲಂಗಿ, ತಲೆಗೆ ಬಿಗಿ ಕಟ್ಟು ಬೇಕು. ಸೆರಗು ಮತ್ತು ಜಡೆ ಎರಡೂ ಶಾಫ್ಟಿಗೆ ಒಂದೇ.

8. ಹದಿನೆಂಟು ತುಂಬದವರನ್ನು ಪಿಟಿಓ ಯಂತ್ರದ ಕೆಲಸಕ್ಕೆ ಹಚ್ಚಬಾರದು. ನಮ್ಮೂರಿನಿಂದಲೇ ಬಂದ ಹುಡುಗರಾದರೂ ಸರಿ, ಡ್ರೈವರ್‌ನ ತಮ್ಮನೇ ಆದರೂ ಸರಿ. ರೋಟಾವೇಟರ್ ಮೇಲೆ ಭಾರಕ್ಕೆಂದು ಆಳು ನಿಲ್ಲಿಸುವುದು, ತಿರುಗುವ ಶಾಫ್ಟ್ ದಾಟುವುದು, ಗುಂಡಿ ತೋಡುವ ಯಂತ್ರವನ್ನು ಕೈಯಿಂದ ಹಿಡಿದು ನಿಲ್ಲಿಸುವುದು ಇವನ್ನು ಮಾಡು ಎಂದು ಹೇಳುವುದೇ ಅಪರಾಧವಾಗಬೇಕು.

9. ಎಚ್ಚರಿಕೆ ಚೀಟಿ ನಮಗೆ ಓದಲು ಬರಬೇಕು. ಈಗ ಶಾಫ್ಟಿನ ಮೇಲೆ ಇಂಗ್ಲಿಷಿನಲ್ಲಿ ಅಂಟಿಸಿದ್ದು ಕೆಸರು ತಾಗಿ ಎರಡನೇ ವಾರಕ್ಕೆ ಕಿತ್ತು ಹೋಗುತ್ತದೆ. ಚಿತ್ರ ಮುಖ್ಯ, ಅದರ ಕೆಳಗೆ ಕೊಂಕಣಿ, ಮರಾಠಿ, ಹಿಂದಿಯ ಜೊತೆ ಕನ್ನಡವೂ ಇರಲಿ. ಕೊಂಕಣಿ ಈ ರಾಜ್ಯದ ಭಾಷೆ, ಅದಕ್ಕೆ ಮೊದಲ ಸ್ಥಾನ ಇರಬೇಕೆಂಬುದರಲ್ಲಿ ನಮಗೆ ತಕರಾರಿಲ್ಲ. ಆದರೆ ಹೆಲ್ಪರ್ ಓದಲಾರದ ಎಚ್ಚರಿಕೆ ಅವನಿಗೆ ಕೊಟ್ಟ ಎಚ್ಚರಿಕೆಯಾಗುವುದಿಲ್ಲ.

ತರಬೇತಿಯೂ ಹಾಗೆಯೇ. ಹಳೇ ಗೋವೆಯ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ಮೇ ತಿಂಗಳಲ್ಲಿ ಒಂದು ದಿನದ ಕನ್ನಡ ತರಬೇತಿ ನಡೆಸಬೇಕು. ಯಂತ್ರ ತರಬೇತಿಗೆಂದೇ ಕೇಂದ್ರ ಸರ್ಕಾರದ ಸಂಸ್ಥೆ ಅನಂತಪುರ ಬಳಿಯ ಗಾರ್ಲದಿನ್ನೆಯಲ್ಲಿದೆ. ಅಲ್ಲಿಂದ ಬೋಧಕರನ್ನು ಕರೆಸಬಹುದು. ನಮ್ಮನ್ನು ಸಭಾಂಗಣದಲ್ಲಿ ಕೂರಿಸಿ ಸ್ಲೈಡು ತೋರಿಸುವುದು ಬೇಡ. ಒಂದು ಟ್ರ್ಯಾಕ್ಟರು, ಒಂದು ಶಾಫ್ಟು, ಹುಲ್ಲು ತುಂಬಿದ ಒಂದು ಹಳೇ ಅಂಗಿ ಇದ್ದರೆ ಸಾಕು. ಆ ಅಂಗಿಯ ತೋಳು ಶಾಫ್ಟಿಗೆ ತಾಗಿಸಿ ತೋರಿಸಿದರೆ ಭಾಷಣ ಬೇಕಾಗುವುದಿಲ್ಲ.

10. 1983ರ ಅಪಾಯಕಾರಿ ಯಂತ್ರಗಳ ಕಾಯ್ದೆ ಹೆಸರು ಹಿಡಿದು ಹೇಳುವುದು ಪವರ್ ಥ್ರೆಷರ್ ಅನ್ನು, ಅಂದರೆ ನಮ್ಮ ರಾಶಿ ಮಷಿನ್ನನ್ನು. ಕೃಷಿಯ ಬೇರೆ ಯಂತ್ರಗಳನ್ನು ಅಧಿಸೂಚನೆಯ ಮೂಲಕ ಸೇರಿಸುವ ಅಧಿಕಾರ ಕೇಂದ್ರಕ್ಕಿದೆ. ಪಿಟಿಓದಿಂದ ಓಡುವ ರೋಟಾವೇಟರ್, ಗುಂಡಿ ತೋಡುವ ಯಂತ್ರ, ಬೇಲರ್‌ಗಳನ್ನೂ ಸೇರಿಸಬೇಕೆಂದು ಗೋವಾ ಮತ್ತು ಕರ್ನಾಟಕ ಸರ್ಕಾರಗಳು ಕೇಂದ್ರಕ್ಕೆ ಪತ್ರ ಬರೆಯಬೇಕು. ರಾಶಿ ಮಷಿನ್ನಿಗೆ ಐಎಸ್ 9020 ಎಂಬ ಸುರಕ್ಷತಾ ಮಾನದಂಡವಿದೆ. ಅದಕ್ಕೆ ಹೊಂದದ ಯಂತ್ರ ಗೋವೆಯ ಅಂಗಳಗಳಿಗೆ ಬರಬಾರದು.

11. ಸಹಾಯಧನಕ್ಕೆ ಷರತ್ತು ಹಾಕಿ. ಇಡೀ ಪತ್ರದಲ್ಲಿ ಒಂದೇ ಬೇಡಿಕೆ ಈಡೇರಿಸುತ್ತೇವೆ ಎಂದರೆ ನಾವು ಇದನ್ನೇ ಆರಿಸುತ್ತೇವೆ. ಕೃಷಿ ಯಾಂತ್ರೀಕರಣ ಉಪ ಅಭಿಯಾನ 2014-15ರಿಂದ ನಡೆಯುತ್ತಿದೆ. ರೋಟಾವೇಟರ್ ಕೊಳ್ಳಲು ಸರ್ಕಾರದ ದುಡ್ಡು ಸಿಗುತ್ತದೆ. ಗೋವೆಯಲ್ಲಿ ಕೃಷಿ ಕಾರ್ಡ್ ಇದ್ದವರಿಗೆ ಇಲಾಖೆಯ ನೆರವು ದೊರೆಯುತ್ತದೆ. ಹಾಗಾದರೆ ಆ ದುಡ್ಡಿಗೆ ಒಂದೇ ಒಂದು ಸಾಲು ಸೇರಿಸಿ: ಗಾರ್ಡ್ ಮೂರೂ ಇದ್ದು, ಸರಪಳಿ ಕಟ್ಟಿದ ಶಾಫ್ಟಿನ ಫೋಟೋ ಅರ್ಜಿಯ ಜೊತೆ ಇರಬೇಕು. ಯಂತ್ರಕ್ಕೆ ಮಾತ್ರವಲ್ಲ, ಗಾರ್ಡ್ ಬದಲಿಸುವುದಕ್ಕೂ ನೆರವು ಸಿಗಬೇಕು. ಲಕ್ಷ ರೂಪಾಯಿ ಮೀರಿದ ರೋಟಾವೇಟರಿಗೆ ಸಹಾಯಧನ ಕೊಟ್ಟು, ಅದರ ಪ್ಲಾಸ್ಟಿಕ್ ಕೊಳವೆಗೆ ಕೊಡದಿರುವುದು ಯಾವ ಲೆಕ್ಕ? ಮಾಲಕರು ನಮ್ಮ ಮಾತು ಕೇಳದಿರಬಹುದು, ಅರ್ಜಿ ನಮೂನೆಯ ಮಾತು ಕೇಳುತ್ತಾರೆ. ಕರ್ನಾಟಕದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿಗೂ ಇದೇ ಷರತ್ತು ಬೇಕು.

12. ಗಾಯವಾದ ಕೂಡಲೇ. ದಿವಾಡಿಯಂಥ ದ್ವೀಪದಲ್ಲಿ ಕೆಲಸ ಮಾಡುವಾಗ ಆಂಬುಲೆನ್ಸಿಗೂ ಫೆರಿಯೇ ಗತಿ. ಬದುವಿನ ಮೇಲೆ 108 ವಾಹನ ಬರುವುದಿಲ್ಲ. ಆದ್ದರಿಂದ ಪ್ರತಿ ಟ್ರ್ಯಾಕ್ಟರಿನಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬಟ್ಟೆ ಕತ್ತರಿಸಲು ಗಟ್ಟಿ ಕತ್ತರಿ ಇರಲೇಬೇಕು. ಹೆಲ್ಪರ್‌ಗೂ ಎಂಜಿನ್ ನಿಲ್ಲಿಸುವ ವಿಧಾನ ಗೊತ್ತಿರಬೇಕು. ಶಾಫ್ಟಿಗೆ ಸಿಕ್ಕಿದವನು ಡ್ರೈವರ್ ಆಗಿದ್ದರೆ ನಿಲ್ಲಿಸುವವರು ಬೇರೆ ಯಾರು? ರಕ್ತ ಸುರಿಯುವ ಜಾಗ ಬಿಗಿಯಾಗಿ ಒತ್ತಿ ಹಿಡಿಯಬೇಕು. ಬೆರಳೋ ಕೈಯೋ ತುಂಡಾಗಿದ್ದರೆ ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಐಸ್ ಇರುವ ನೀರಿನಲ್ಲಿಟ್ಟು ಗಾಯಾಳುವಿನ ಜೊತೆಗೇ ಕಳಿಸಬೇಕು. ಐಸಿನ ಮೇಲೆ ನೇರವಾಗಿ ಇಡಬಾರದು. ಮೀನು ಮಾರುಕಟ್ಟೆಯ ಈ ರಾಜ್ಯದಲ್ಲಿ ಐಸಿಗೆ ಬರವಿಲ್ಲ.

ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಕೆಲಸದ ವೇಳೆ ಗಾಯಗೊಂಡ ವಲಸೆ ಕೆಲಸಗಾರರಿಗೆ ಊರು ಕೇಳದೆ ಉಚಿತ ಚಿಕಿತ್ಸೆ ಸಿಗಬೇಕು. ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಗೆ ಗೋವೆಯಲ್ಲಿ ಐದು ವರ್ಷ ವಾಸವಿರಬೇಕು. ಹಂಗಾಮಿಗೆ ಬಂದು ಹೋಗುವವನು ಇಪ್ಪತ್ತು ವರ್ಷ ಬಂದರೂ ಆ ಲೆಕ್ಕಕ್ಕೆ ಸೇರುವುದಿಲ್ಲ.

13. ಪರಿಹಾರ ಭಿಕ್ಷೆಯಲ್ಲ. ಅಪಘಾತವಾದ ಮೇಲೆ ಆಸ್ಪತ್ರೆ ಬಿಲ್ಲು ಕಟ್ಟಿ, ಕೈಗೆ ಹತ್ತಿಪ್ಪತ್ತು ಸಾವಿರ ಕೊಟ್ಟು, ಊರಿನ ಬಸ್ಸು ಹತ್ತಿಸಿ ಕಳಿಸುವುದು ನಡೆದುಬಂದ ಪದ್ಧತಿ. ಕಾನೂನಿನ ಲೆಕ್ಕ ಬೇರೆ ಇದೆ. 1923ರ ನೌಕರರ ಪರಿಹಾರ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಟ್ರ್ಯಾಕ್ಟರಿನಿಂದ ಬೇಸಾಯದ ಕೆಲಸ ಮಾಡುವವರ ಹೆಸರು ಸ್ಪಷ್ಟವಾಗಿತ್ತು. ಹೆಬ್ಬೆರಳು ಹೋದರೆ ದುಡಿಮೆ ಶೇ. 30, ಒಂದು ಹಸ್ತ ಹೋದರೆ ಶೇ. 60, ತೋಳು ಭುಜದಿಂದಲೇ ಹೋದರೆ ಶೇ. 90 ನಷ್ಟ ಎಂದು ಆ ಕಾಯ್ದೆ ಎಣಿಸುತ್ತಿತ್ತು. 25 ವರ್ಷದ, ತಿಂಗಳಿಗೆ 15,000 ರೂಪಾಯಿ ಕೂಲಿಯ ಹೆಲ್ಪರ್‌ನ ಹಸ್ತ ಹೋದರೆ ಆ ಸೂತ್ರದಲ್ಲಿ ಬರುವ ಮೊತ್ತ 11 ಲಕ್ಷ 71 ಸಾವಿರ ರೂಪಾಯಿ. ಹತ್ತಿಪ್ಪತ್ತು ಸಾವಿರದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಅಷ್ಟಕ್ಕೇ ನಿಲ್ಲಬೇಕೆಂದೂ ಇಲ್ಲ. ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರ ಡಿಸೆಂಬರಿನಲ್ಲೇ, ಬಡಗಿ ಕೆಲಸ ಇನ್ನು ಮಾಡಲಾಗದ ಕಾರಣ ನಷ್ಟ ನೂರಕ್ಕೆ ನೂರು ಎಂದು ಒಪ್ಪಿತು. ಡ್ರೈವರ್‌ನ ಕೈಗೂ ಅದೇ ನ್ಯಾಯ ಸಲ್ಲಬೇಕು.

2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಪರಿಹಾರದ ಅಧ್ಯಾಯ ಅದರಲ್ಲೂ ಇದೆ. ಹೊಸ ಸಂಹಿತೆಯಲ್ಲಿ ಅರ್ಜಿ ಎಲ್ಲಿ, ಹೇಗೆ, ಎಷ್ಟು ದಿನದೊಳಗೆ ಎಂಬುದನ್ನು ಕಾರ್ಮಿಕ ಆಯುಕ್ತರು ಕನ್ನಡದಲ್ಲೂ ಒಂದು ಹಾಳೆಯಾಗಿ ಅಚ್ಚು ಹಾಕಿಸಬೇಕು. ಗಾಯಾಳು ಊರಿಗೆ ಮರಳಿದ್ದರೆ ತಾನಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಲು ಹಳೇ ಕಾಯ್ದೆಯಲ್ಲಿ ಅವಕಾಶವಿತ್ತು. ಆ ಅವಕಾಶ ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ.

ವಿಮೆಯ ಮಾತು. ಟ್ರ್ಯಾಕ್ಟರಿನ ವಿಮೆಯಲ್ಲಿ ಮಾಲಕ-ಚಾಲಕರಿಗೆ 2018ರಿಂದ 15 ಲಕ್ಷ ರೂಪಾಯಿ ಅಪಘಾತ ರಕ್ಷಣೆ ಇದೆ. ಸಂಬಳದ ಡ್ರೈವರ್‌ಗೂ ಹೆಲ್ಪರ್‌ಗೂ ಅದು ಮುಟ್ಟುವುದಿಲ್ಲ. ಅವರಿಗಾಗಿ ಪಾಲಿಸಿಯಲ್ಲಿ ಐಎಂಟಿ 28 ಎಂಬ ಹೆಚ್ಚುವರಿ ಷರತ್ತು ಹಾಕಿಸಬೇಕು, ಅದರ ಪ್ರೀಮಿಯಂ ದೊಡ್ಡದೇನೂ ಅಲ್ಲ. ಅದಿಲ್ಲದ ಟ್ರ್ಯಾಕ್ಟರನ್ನು ಬಾಡಿಗೆಗೆ ಬಿಡಕೂಡದು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಸಾವಿಗೆ 2 ಲಕ್ಷ, ಒಂದು ಕೈ ಹೋದರೆ 1 ಲಕ್ಷ ಸಿಗುತ್ತದೆ. ಅದನ್ನು ನಾವೇ ಕಟ್ಟಿಕೊಳ್ಳುತ್ತೇವೆ. ಆದರೆ ಆ ಹಣವನ್ನು ತೋರಿಸಿ ಮಾಲಕರು ತಮ್ಮ ಹೊಣೆಯಿಂದ ಜಾರಿಕೊಳ್ಳಬಾರದು.

14. ನಮ್ಮ ಕಡೆಯಿಂದ. ಗಾರ್ಡ್ ಇರುವ ಶಾಫ್ಟಿನಿಂದ ಗಾರ್ಡ್ ಬಿಚ್ಚುವುದಿಲ್ಲ. ಕುಡಿದವರನ್ನು ಸೀಟಿಗೆ ಹತ್ತಿಸುವುದಿಲ್ಲ. ಹೊಸ ಹೆಲ್ಪರ್ ಬಂದ ಮೊದಲ ದಿನ ಶಾಫ್ಟ್ ಬಿಚ್ಚಿ ಜೋಡಿಸುವುದನ್ನು ಹಿರಿಯ ಡ್ರೈವರ್ ಕೈಹಿಡಿದು ಕಲಿಸುತ್ತಾರೆ. ಗಾರ್ಡ್ ಇಲ್ಲದ ಯಂತ್ರಕ್ಕೆ ಒಬ್ಬ ಡ್ರೈವರ್ ಒಲ್ಲೆ ಎಂದರೆ, ಆ ಕೆಲಸಕ್ಕೆ ನಮ್ಮಲ್ಲಿ ಇನ್ನೊಬ್ಬ ಹೋಗುವುದಿಲ್ಲ. ಇದರಿಂದ ನಮ್ಮ ನಮ್ಮಲ್ಲೇ ಜಗಳ ಆಗುತ್ತದೆ ಎಂಬುದೂ ಗೊತ್ತು. ಮನೆಗೆ ದುಡ್ಡು ಕಳಿಸಬೇಕಾದವನಿಗೆ ಒಲ್ಲೆ ಎನ್ನುವುದು ಸುಲಭವಲ್ಲ. ಹಾಗಾಗಿಯೇ ಮೂರನೇ ಮತ್ತು ಹನ್ನೊಂದನೇ ಬೇಡಿಕೆಗಳಿಗೆ ಸರ್ಕಾರದ ಮೊಹರು ಕೇಳುತ್ತಿದ್ದೇವೆ.

15. ಕಾಲಮಿತಿ. ಬೇಡಿಕೆ 1, 2, 3, 7ಕ್ಕೆ ಮಾಲಕರು ಮತ್ತು ಮಾರಾಟಗಾರರು ಬರುವ ಮುಂಗಾರಿನ ಉಳುಮೆಗೆ ಮುಂಚೆ ಉತ್ತರ ಕೊಡಬೇಕು. 9, 11, 13ರ ಬಗ್ಗೆ ಇಲಾಖೆಗಳು ನಮ್ಮ ಪ್ರತಿನಿಧಿಗಳ ಜೊತೆ ಕೂತು ಮಾತಾಡಬೇಕು. ಆ ಸಭೆ ಭಾನುವಾರ ಇಡಿ, ಬೇರೆ ದಿನ ನಮಗೆ ಕೂಲಿ ಹೋಗುತ್ತದೆ. ಉತ್ತರದ ಪ್ರತಿಯನ್ನು ಪ್ರತಿ ವಲಯ ಕೃಷಿ ಕಚೇರಿಯ ಸೂಚನಾ ಫಲಕದಲ್ಲಿ ಕೊಂಕಣಿ ಮತ್ತು ಕನ್ನಡ ಎರಡರಲ್ಲೂ ಅಂಟಿಸಬೇಕು.

ಇಂತಿ,
ಗೋವೆಯ ಗದ್ದೆ-ತೋಟಗಳಲ್ಲಿ ದುಡಿಯುವ ಕನ್ನಡಿಗ ಟ್ರ್ಯಾಕ್ಟರ್ ಡ್ರೈವರ್‌ಗಳು, ಹೆಲ್ಪರ್‌ಗಳು, ರಾಶಿ ಮಷಿನ್ ಕೆಲಸಗಾರರು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಹಾಳೆ ಲಗತ್ತಿಸಿದೆ)